ಕಪ್ಪೆಯ ಹೊಟ್ಟೆಯಲ್ಲಿ ವಜ್ರ

ಅಜ್ಮೇರಿನಲ್ಲಿ ಒಂದು ಸಂಸಾರ. ಅಪ್ಪ ಸರ್ಕಾರಿ ನೌಕರಿ ಬಿಟ್ಟು ಜ್ಯೋತಿಷ್ಯ ಹಿಡಿದವನು. ಮಗಳು ಗಾಯತ್ರಿ ರೇಡಿಯೋಗೆ ಅಂಟಿಕೊಂಡವಳು. ಹೇಳಿಕೊಳ್ಳುವಂಥ ಉದ್ಯೋಗವಿಲ್ಲದ ಜಗದೀಶನ ಜೊತೆ ಅವಳ ಓಡಾಟ. ಮಗ ಓಂ ಸ್ಕೂಲು ಹುಡುಗ. ವಿಜ್ಞಾನದ ಪಾಠವೂ ಬೇಕು, ಮಾಯಮಂತ್ರವೂ ಬೇಕು ಎನ್ನುವ ವಯಸ್ಸು. ಬಹಳ ಹೊತ್ತು ಉಸಿರು ಬಿಗಿಹಿಡಿದಿರಬಲ್ಲ ಎಂಬುದೊಂದೇ ಅವನ ಹೆಚ್ಚುಗಾರಿಕೆ. ಇಲ್ಲಿಯವರೆಗೆ ತಿಪಟೂರಿನಲ್ಲೋ ಗದಗಿನಲ್ಲೋ ಸಿಗಬಹುದಾದ ಮನೆಯೇ. ಆಮೇಲೆ ವಜ್ರಗಳು ಬರುತ್ತವೆ. ಕಪ್ಪೆಗಳು ವಜ್ರ ನುಂಗುತ್ತವೆ, ಜನ ಕಪ್ಪೆಗಳ ಬೆನ್ನು ಹತ್ತುತ್ತಾರೆ, ಗೊದಮೊಟ್ಟೆಗಳು ಭಯೋತ್ಪಾದಕರ ಪಟ್ಟಕ್ಕೆ ಏರುತ್ತವೆ, ಪುಷ್ಕರದ ಪುರಾಣವೂ ಟೂತ್‌ಪೇಸ್ಟಿನ ಜಾಹೀರಾತೂ ಒಂದೇ ಉಸಿರಿನಲ್ಲಿ ಕೇಳಿಬರುತ್ತವೆ. 'ಓಂ ದರ್ ಬ ದರ್' ಎಂಬ ಈ ಹಿಂದಿ ಸಿನಿಮಾದ ಕತೆಯನ್ನು ಇದಕ್ಕಿಂತ ಚೊಕ್ಕವಾಗಿ ಹೇಳಲು ನನಗೆ ಬರುವುದಿಲ್ಲ. ಹೇಳಬಲ್ಲೆ ಎನ್ನುವವರನ್ನು ನಾನು ನಂಬುವುದೂ ಇಲ್ಲ.

ಇದನ್ನು ಮಾಡಿದವರು ಕಮಲ್ ಸ್ವರೂಪ್. ಬೆಳೆದದ್ದು ಅಜ್ಮೇರಿನಲ್ಲೇ. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನಲ್ಲಿ ಎಪ್ಪತ್ತರ ದಶಕದಲ್ಲಿ ಕಲಿತವರು. ನಮ್ಮ ಗಿರೀಶ ಕಾಸರವಳ್ಳಿ ಅಲ್ಲಿದ್ದದ್ದೂ ಸರಿಸುಮಾರು ಅದೇ ಕಾಲಕ್ಕೆ. ರಿಚರ್ಡ್ ಅಟೆನ್‌ಬರೋ 'ಗಾಂಧಿ' ತೆಗೆದಾಗ ಅದರಲ್ಲಿ ಸಹಾಯಕರಾಗಿ ದುಡಿದರು. ಅಷ್ಟು ದೊಡ್ಡ ಮನುಷ್ಯನ ಮೇಲಿನ ಅಷ್ಟು ದೊಡ್ಡ ಸಿನಿಮಾದ ಗದ್ದಲ ಕಂಡು ಬಂದವರು ತಮ್ಮ ಸ್ವಂತ ಚಿತ್ರಕ್ಕೆ ಆರಿಸಿಕೊಂಡದ್ದು ಉಸಿರು ಹಿಡಿಯುವ ಹುಡುಗನನ್ನು. ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮದ ದುಡ್ಡು, 1988ರಲ್ಲಿ ಬರ್ಲಿನ್ ಚಿತ್ರೋತ್ಸವದಲ್ಲಿ ಪ್ರದರ್ಶನ, ಆಮೇಲೆ ಫಿಲ್ಮ್‌ಫೇರ್ ವಿಮರ್ಶಕರ ಪ್ರಶಸ್ತಿ. ಎಲ್ಲ ಆಯಿತು, ಥಿಯೇಟರಿಗೆ ಮಾತ್ರ ಬರಲಿಲ್ಲ. ಬಂದದ್ದು 2014ರ ಜನವರಿಯಲ್ಲಿ. ಓಂನ ವಯಸ್ಸಿನಲ್ಲಿ ಅದರ ಹೆಸರು ಕೇಳಿದವರಿಗೆ ಅಷ್ಟರಲ್ಲಿ ತಲೆ ನರೆತಿತ್ತು.

ನಡುವಿನ ಇಪ್ಪತ್ತಾರು ವರ್ಷ ಅದು ಬದುಕಿದ್ದು ಕೈಯಿಂದ ಕೈಗೆ. ವಿಡಿಯೊ ಕ್ಯಾಸೆಟ್ಟಿನ ನಕಲು, ನಕಲಿನ ನಕಲು, ಹಾಸ್ಟೆಲ್ ಕೋಣೆಗಳು, ಫಿಲ್ಮ್ ಸೊಸೈಟಿಗಳು, ಕೊನೆಗೆ ಇಂಟರ್‌ನೆಟ್ಟು. ನೋಡಿದವರಿಗಿಂತ ಅದರ ಬಗ್ಗೆ ಕೇಳಿದವರೇ ಹೆಚ್ಚು. ಅನುರಾಗ್ ಕಶ್ಯಪ್ 'ದೇವ್ ಡಿ'ಯ 'ಇಮೋಷನಲ್ ಅತ್ಯಾಚಾರ್' ಹಾಡಿನ ಹಿಂದೆ ಈ ಚಿತ್ರದ 'ಮೇರಿ ಜಾನ್' ಹಾಡಿನ ಪ್ರೇರಣೆ ಇತ್ತೆಂದು ಒಪ್ಪಿಕೊಂಡದ್ದುಂಟು. ಅಂದರೆ ನಮ್ಮಲ್ಲಿ ಅನೇಕರು ಮೂಲವನ್ನು ನೋಡುವ ಮೊದಲೇ ಅದರ ಮೊಮ್ಮಗನ ಮದುವೆಯಲ್ಲಿ ಕುಣಿದುಬಿಟ್ಟಿದ್ದೆವು.

ಅಭಿಮಾನಿಗಳು ಈ ಸಿನಿಮಾವನ್ನು ಎಲ್‌ಎಸ್‌ಡಿಯ ಅಮಲಿಗೆ ಹೋಲಿಸುವುದುಂಟು. ನನಗೆ ಆ ಮಾತು ಸರಿಕಾಣುವುದಿಲ್ಲ. ಅಮಲಿನ ಅಗತ್ಯವಿದ್ದದ್ದು ಎಲ್ಲಿ? ಅರವತ್ತು ಎಪ್ಪತ್ತರ ದಶಕದ ಚಿಕ್ಕ ಊರಿನ ಹುಡುಗನೊಬ್ಬನ ತಲೆಯೊಳಗೆ ಏನೇನಿತ್ತು ಎಂದು ಪಟ್ಟಿ ಮಾಡಿ ನೋಡಿ. ಗೋಡೆಗೆ ನೇತುಹಾಕಿದ ಪಂಚಾಂಗದಲ್ಲಿ ರಾಹುಕಾಲ. ಅದರ ಕೆಳಗೆ ರೇಡಿಯೋ, ರೇಡಿಯೋದಲ್ಲಿ ಚಂದ್ರನ ಮೇಲೆ ಇಳಿದ ಮನುಷ್ಯನ ಸುದ್ದಿ. ಬೆಳಿಗ್ಗೆ ಜೀವಶಾಸ್ತ್ರದ ಕ್ಲಾಸಿನಲ್ಲಿ ಕಪ್ಪೆ ಕೊಯ್ಯುವುದು, ಸಂಜೆ ದೇವಸ್ಥಾನದಲ್ಲಿ ಮತ್ಸ್ಯಾವತಾರದ ಹರಿಕತೆ. 'ಚಂದಮಾಮ'ದಲ್ಲಿ ಬೇತಾಳ, ಪಕ್ಕದ ಪುಟದಲ್ಲಿ ಬಿಸ್ಕತ್ತಿನ ಜಾಹೀರಾತು. ಇವುಗಳಲ್ಲಿ ಯಾವುದು ಸತ್ಯ, ಯಾವುದು ಕಟ್ಟುಕತೆ, ಯಾವುದು ವ್ಯಾಪಾರ ಎಂದು ವಿಂಗಡಿಸಿ ಕೊಡುವವರು ಯಾರೂ ಇರಲಿಲ್ಲ. ಎಲ್ಲವೂ ಒಂದೇ ಅಧಿಕಾರದ ದನಿಯಲ್ಲಿ ಮಾತಾಡುತ್ತಿದ್ದವು. ಸ್ವರೂಪ್ ಮಾಡಿದ್ದು ಇಷ್ಟೇ: ಆ ಸಾಮಾನನ್ನೆಲ್ಲ ಇದ್ದ ಹಾಗೇ ಹೊರಗೆ ಸುರಿದರು. ವಜ್ರ ನುಂಗಿದ ಕಪ್ಪೆ ಆ ರಾಶಿಯಲ್ಲಿ ಅಸಹಜವಾಗಿ ಕಾಣುವುದೇ ಇಲ್ಲ. ಅದು ಅರ್ಧ ಬಯಾಲಜಿ ಪುಸ್ತಕದಿಂದ, ಅರ್ಧ ಅಜ್ಜಿಕತೆಯಿಂದ ಬಂದದ್ದು.

ಸಾಮಾನ್ಯ ಮನುಷ್ಯನನ್ನು ನಮ್ಮ ಸಿನಿಮಾ ಎರಡು ದಾರಿಯಲ್ಲಿ ತೋರಿಸಿಕೊಂಡು ಬಂದಿದೆ. ಜನಪ್ರಿಯ ಚಿತ್ರದಲ್ಲಿ ಅವನು ಇಂಟರ್ವಲ್ಲಿನ ಹೊತ್ತಿಗೆ ಸಾಮಾನ್ಯನಾಗಿ ಉಳಿದಿರುವುದಿಲ್ಲ. ಆಟೋ ಓಡಿಸುವವನು ಊರನ್ನೇ ಉಳಿಸುತ್ತಾನೆ. ಹೊಸ ಅಲೆಯ ಚಿತ್ರಗಳು ಇದಕ್ಕೆ ಬೆನ್ನು ತಿರುಗಿಸಿ ಹೊರಟವು. 'ಚೋಮನ ದುಡಿ', 'ಘಟಶ್ರಾದ್ಧ' ಇವುಗಳ ಋಣ ನಮ್ಮ ಮೇಲೆ ದೊಡ್ಡದಿದೆ. ಆದರೆ ಅಲ್ಲೂ ಮನುಷ್ಯ ನಮಗೆ ಸಿಗುವುದು ಬಿಕ್ಕಟ್ಟಿನ ಗಳಿಗೆಯಲ್ಲಿ: ಭೂಮಿ ಸಿಗದಾಗ, ಜಾತಿ ಹೊರಗಟ್ಟಿದಾಗ, ಮಗು ಸತ್ತಾಗ. ಅವನ ದುಃಖಕ್ಕೆ ಕಾರಣವಿದೆ, ಕಾರಣಕ್ಕೆ ಹೆಸರಿದೆ. ಅದು ನ್ಯಾಯವೇ. ಹಾಗಿದ್ದೂ ಚೋಮನಂಥವನು ಸುಮ್ಮನೆ ಕೂತಾಗ, ಯಾವ ಅನ್ಯಾಯವೂ ನಡೆಯದ ಒಂದು ಮಧ್ಯಾಹ್ನ, ತಲೆಯಲ್ಲಿ ಏನು ಓಡುತ್ತಿರುತ್ತದೆ? ಬಡವನ ಹಸಿವನ್ನು ಚಿತ್ರಿಸಿದ ಸಿನಿಮಾಗಳು ಬಹಳ. ಅವನ ಹುಚ್ಚು ಯೋಚನೆಗಳಿಗೆ, ಅರ್ಥವಿಲ್ಲದ ಹಗಲುಗನಸಿಗೆ, ಪೆದ್ದು ಕುತೂಹಲಕ್ಕೆ ರೀಲು ಖರ್ಚು ಮಾಡಿದವರು ಕಡಿಮೆ. ಅವೆಲ್ಲ ಶ್ರೀಮಂತರ, ಕವಿಗಳ ಸೊತ್ತು ಎಂಬಂತೆ ನಡೆದುಕೊಂಡಿದ್ದೇವೆ.

ಅತಿವಾಸ್ತವದ ಸಿನಿಮಾಗಳು ಸಾಮಾನ್ಯರ ಬಳಿ ಬಂದಾಗ ಹಿಡಿಸುವುದು ಈ ಕಾರಣಕ್ಕೆ ಎಂದು ನನ್ನ ಎಣಿಕೆ. ಅವು ಆ ಮನುಷ್ಯನನ್ನು ನಮಗೆ ವಿವರಿಸುವುದಿಲ್ಲ. ಅವನು ತನಗೆ ತಾನೇ ಎಷ್ಟು ವಿಚಿತ್ರವೋ ಅಷ್ಟು ವಿಚಿತ್ರವಾಗಿ ಬಿಟ್ಟುಬಿಡುತ್ತವೆ.

ಸ್ವೀಡನ್ನಿನ ರಾಯ್ ಆಂಡರ್ಸನ್ ಈ ಕೆಲಸವನ್ನು ಅಜ್ಮೇರಿಗೆ ತದ್ವಿರುದ್ಧವಾದ ರೀತಿಯಲ್ಲಿ ಮಾಡಿದವರು. ಸ್ವರೂಪ್ ಸುರಿದರೆ ಇವರು ಸೋಸುತ್ತಾರೆ. 1943ರಲ್ಲಿ ಹುಟ್ಟಿದ ಆಂಡರ್ಸನ್ 1970ರಲ್ಲಿ ಒಂದು ಪ್ರೇಮಕತೆ ಮಾಡಿ ಹೆಸರು ಗಳಿಸಿದರು, 1975ರ 'ಗಿಲಿಯಾಪ್' ಸೋತು ನೆಲಕಚ್ಚಿತು. ಆಮೇಲೆ ಕಾಲು ಶತಮಾನ ಕಥಾಚಿತ್ರವೇ ಇಲ್ಲ. ನೂರಾರು ಜಾಹೀರಾತು ತೆಗೆದರು. ಆ ದುಡಿಮೆಯ ಮೇಲೆ ಸ್ಟಾಕ್‌ಹೋಮಿನಲ್ಲಿ ಸ್ಟುಡಿಯೋ 24 ಎಂಬ ಸ್ವಂತ ಸ್ಟುಡಿಯೋ ನಡೆಸಿದರು, ಅಲ್ಲಿಂದ 2000ದಲ್ಲಿ 'ಸಾಂಗ್ಸ್ ಫ್ರಮ್ ದ ಸೆಕೆಂಡ್ ಫ್ಲೋರ್' ಹೊರಬಂದು ಕಾನ್‌ನಲ್ಲಿ ಜ್ಯೂರಿ ಬಹುಮಾನ ಹಂಚಿಕೊಂಡಿತು. ವಸ್ತು ಮಾರುವುದಕ್ಕಾಗಿ ನಗುವ ಮುಖಗಳನ್ನು ಅಷ್ಟು ವರ್ಷ ತೋರಿಸಿದ ಮನುಷ್ಯ, ತನ್ನ ಸಿನಿಮಾದಲ್ಲಿ ಒಬ್ಬರನ್ನೂ ಹಾಗೆ ನಗಿಸಲಿಲ್ಲ.

ಅವರ ಪದ್ಧತಿಯನ್ನು ಸ್ವಲ್ಪ ನಿಧಾನವಾಗಿ ನೋಡುವುದು ಒಳ್ಳೆಯದು. ಗುಟ್ಟು ಅಲ್ಲೇ ಇದೆ. ಒಂದು ದೃಶ್ಯಕ್ಕೆ ಒಂದೇ ಶಾಟ್. ಕ್ಯಾಮೆರಾ ಬಹುತೇಕ ಅಲುಗುವುದಿಲ್ಲ. ಕ್ಲೋಸಪ್ ಇಲ್ಲ. ರಸ್ತೆ, ಬಾರು, ಆಫೀಸು, ಕಿಟಕಿಯಾಚೆಯ ಊರು ಎಲ್ಲವೂ ಹೆಚ್ಚುಕಡಿಮೆ ಸ್ಟುಡಿಯೋ ಒಳಗೆ ಕಟ್ಟಿದ್ದು, ದೂರವನ್ನು ಬಣ್ಣದಲ್ಲಿ ಬರೆದದ್ದು. ನಟರಲ್ಲಿ ಹೆಚ್ಚಿನವರು ವೃತ್ತಿಯವರಲ್ಲ. ದಪ್ಪ ಹೊಟ್ಟೆ, ಜೋಲುಗಲ್ಲ, ಮುಖಕ್ಕೆ ಸುಣ್ಣದ ಬಿಳುಪು. ಮುಂದಿನ ಮೇಜೂ ಹಿಂದಿನ ಬಾಗಿಲೂ ಒಂದೇ ಸ್ಪಷ್ಟತೆಯಲ್ಲಿ ಕಾಣುತ್ತವೆ. ಹೀಗಾದಾಗ ಯಾರನ್ನು ನೋಡಬೇಕೆಂದು ನಿರ್ದೇಶಕ ನಮಗೆ ಹೇಳುವುದಿಲ್ಲ. 'ಸಾಂಗ್ಸ್ ಫ್ರಮ್ ದ ಸೆಕೆಂಡ್ ಫ್ಲೋರ್'ನಲ್ಲಿ ಕೆಲಸದಿಂದ ತೆಗೆದುಹಾಕಿದ ನೌಕರನೊಬ್ಬ ಆಫೀಸಿನ ಕಾರಿಡಾರಿನಲ್ಲಿ ಯಜಮಾನನ ಕಾಲು ಹಿಡಿದು ನೆಲದ ಮೇಲೆ ಎಳೆಸಿಕೊಳ್ಳುತ್ತ ಹೋಗುತ್ತಾನೆ. ನಮ್ಮ ಕಣ್ಣು ತಾನಾಗಿ ಆಚೀಚೆಯ ಬಾಗಿಲುಗಳ ಕಡೆ ಹೊರಳಿ, ಅಲ್ಲಿಂದ ಇಣುಕುವ ಸಹೋದ್ಯೋಗಿಗಳನ್ನು ಕಾಣುತ್ತದೆ. ಅವನ ಅವಮಾನಕ್ಕಿಂತ ಅವರ ಇಣುಕು ಹೆಚ್ಚು ಚುಚ್ಚುತ್ತದೆ. ಕ್ಲೋಸಪ್ ಇದ್ದಿದ್ದರೆ ಅದು ಸಿಗುತ್ತಿರಲಿಲ್ಲ.

ಅದೇ ಚಿತ್ರದಲ್ಲಿ ಇನ್ಶೂರೆನ್ಸ್ ಹಣಕ್ಕಾಗಿ ತನ್ನ ಫರ್ನಿಚರ್ ಅಂಗಡಿಗೆ ತಾನೇ ಬೆಂಕಿ ಇಟ್ಟ ಕಲ್ಲೆ ಎಂಬವನಿದ್ದಾನೆ. ಮುಖದ ತುಂಬ ಮಸಿ. ಮೆಟ್ರೋ ರೈಲಿನಲ್ಲಿ ಅವನು ನಿಂತಿರುವಾಗ ಸುತ್ತಲಿನ ಪ್ರಯಾಣಿಕರೆಲ್ಲ ಬಾಯಿ ತೆರೆದು ಒಟ್ಟಿಗೆ ಹಾಡತೊಡಗುತ್ತಾರೆ. ಕಲ್ಲೆ ತಲೆ ಎತ್ತುವುದಿಲ್ಲ. ಇನ್ನೊಂದು ಕಡೆ ಜಾದೂಗಾರ ವೇದಿಕೆಯ ಮೇಲೆ ಪೆಟ್ಟಿಗೆಯಲ್ಲಿ ಮಲಗಿದವನನ್ನು ಗರಗಸದಿಂದ ಕೊಯ್ಯುವ ಆಟ ಆಡುತ್ತಾನೆ, ಗರಗಸ ನಿಜವಾಗಿ ಹೊಟ್ಟೆಗೆ ತಗಲುತ್ತದೆ. ಯಾರೂ ಕಿರುಚಿ ಓಡುವುದಿಲ್ಲ. ತಪ್ಪಾಯಿತು ಎಂಬಷ್ಟೇ ಮುಜುಗರ. ಕನಸಿನ ನಡತೆ ಹೀಗೆಯೇ ಅಲ್ಲವೆ? ಕನಸಿನಲ್ಲಿ ಹೆಡ್‌ಮಾಸ್ತರು ಎಮ್ಮೆಯ ಮೇಲೆ ಬಂದರೆ ನಮಗೆ ಆಶ್ಚರ್ಯವಾಗುವುದಿಲ್ಲ. ಹೋಮ್‌ವರ್ಕ್ ಮಾಡಿಲ್ಲವೆಂಬ ಭಯ ಮಾತ್ರ ಆಗುತ್ತದೆ.

2014ರಲ್ಲಿ ವೆನಿಸ್‌ನ ಗೋಲ್ಡನ್ ಲಯನ್ ಪಡೆದ ಚಿತ್ರ, ಕೊಂಬೆಯ ಮೇಲೆ ಕೂತು ಅಸ್ತಿತ್ವದ ಬಗ್ಗೆ ಯೋಚಿಸುವ ಪಾರಿವಾಳದ ಹೆಸರಿನದು. ಹೆಸರು ಕೇಳಿ ಹೆದರಬೇಕಿಲ್ಲ. ಅದರ ಮುಖ್ಯ ಜೋಡಿ ಸ್ಯಾಮ್ ಮತ್ತು ಯೊನಾಥನ್, ಸೂಟ್‌ಕೇಸ್ ಹಿಡಿದು ಅಂಗಡಿಯಿಂದ ಅಂಗಡಿಗೆ ತಿರುಗುವ ಮಾರಾಟಗಾರರು. ಮಾರುವುದು ಮೂರು ವಸ್ತು: ಉದ್ದ ಕೋರೆಯ ರಕ್ತಪಿಶಾಚಿ ಹಲ್ಲು, ಒತ್ತಿದರೆ ನಗುವ ಚೀಲ, ಒಂಟಿಹಲ್ಲಿನ ಮುದುಕನ ಮುಖವಾಡ. ಜನರಿಗೆ ಮೋಜು ಸಿಗಲೆಂದು ನಮ್ಮ ಆಸೆ ಎಂದು ಅವರು ಸೂತಕದ ಮುಖ ಹೊತ್ತು ಹೇಳುತ್ತಾರೆ. ಯಾರೂ ಕೊಳ್ಳುವುದಿಲ್ಲ, ಕೊಂಡವರು ದುಡ್ಡು ಕೊಡುವುದಿಲ್ಲ. ರಾತ್ರಿ ವಸತಿಗೃಹದಲ್ಲಿ ಯೊನಾಥನ್ ಅಳುತ್ತಾನೆ. ಜೀವನದ ದೊಡ್ಡ ಪ್ರಶ್ನೆ ಎತ್ತಿದರೆ ಮೇಲ್ವಿಚಾರಕ ಬಂದು, ಬೆಳಿಗ್ಗೆ ಬೇಗ ಎದ್ದು ಕೆಲಸಕ್ಕೆ ಹೋಗುವವರಿದ್ದಾರೆ, ಸದ್ದು ಮಾಡಬೇಡಿ ಎಂಬರ್ಥದ ಮಾತಾಡುತ್ತಾನೆ. ನಮ್ಮ ಮೆಜೆಸ್ಟಿಕ್ಕಿನ ಲಾಡ್ಜುಗಳಲ್ಲಿ ತಂಗಿದ ಯಾವ ಸೇಲ್ಸ್‌ಮನ್ನಿಗೂ ಈ ದೃಶ್ಯಕ್ಕೆ ಟಿಪ್ಪಣಿ ಬೇಡ.

ಅದೇ ಚಿತ್ರದಲ್ಲಿ, ಈ ಕಾಲದ ಒಂದು ಸಾದಾ ಬಾರಿಗೆ ಹದಿನೆಂಟನೇ ಶತಮಾನದ ಅಶ್ವದಳ ನುಗ್ಗುತ್ತದೆ. ಸ್ವೀಡನ್ನಿನ ದೊರೆ ಹನ್ನೆರಡನೇ ಚಾರ್ಲ್ಸ್ ರಷ್ಯದ ಮೇಲೆ ದಂಡೆತ್ತಿ ಹೊರಟಿದ್ದಾನೆ. ಬಾಯಾರಿಕೆಯಾಗಿ ಇಳಿದು ಬಂದಿದ್ದಾನೆ. ಹೆಂಗಸರನ್ನು ಹೊರಗಟ್ಟುತ್ತಾರೆ, ಗಿರಾಕಿಗಳು ಲೋಟ ಹಿಡಿದುಕೊಂಡೇ ನಿಲ್ಲುತ್ತಾರೆ. ಇನ್ನೊಂದು ದೃಶ್ಯದಲ್ಲಿ ಅವನು ಸೋತು ವಾಪಸ್ಸಾಗುತ್ತಾನೆ. 1709ರ ಪೊಲ್ಟಾವಾ ಸೋಲು ಸ್ವೀಡನ್ನಿನ ಸಾಮ್ರಾಜ್ಯದ ಬೆನ್ನುಮೂಳೆ ಮುರಿದ ಘಟನೆ, ಅಲ್ಲಿನ ಸ್ಕೂಲು ಮಕ್ಕಳೂ ಬಲ್ಲದ್ದು. ಸೋತ ದೊರೆಗೆ ಈಗ ತುರ್ತಾಗಿ ಬೇಕಾದದ್ದು ಶೌಚಾಲಯ. ಒಳಗೆ ಯಾರೋ ಇದ್ದಾರೆ. ಕಾಯಬೇಕು. ಇತಿಹಾಸವೆಲ್ಲ ಬಂದು ಒಂದು ಮುಚ್ಚಿದ ಬಾಗಿಲ ಮುಂದೆ ನಿಲ್ಲುತ್ತದೆ, ಒಳಗಿರುವವನ ಹೆಸರು ನಮಗೆ ಕೊನೆಗೂ ಗೊತ್ತಾಗುವುದಿಲ್ಲ. ದೊರೆಯನ್ನು ಗೇಲಿ ಮಾಡಿದ ಸಿನಿಮಾಗಳು ಎಷ್ಟೋ ಇವೆ. ಒಬ್ಬ ಅನಾಮಿಕ ಗಿರಾಕಿಯ ಖಾಸಗಿ ಐದು ನಿಮಿಷಕ್ಕೆ ಇಷ್ಟು ಬೆಲೆ ಕೊಟ್ಟದ್ದು ಬೇರೆ ನೆನಪಿಗೆ ಬರುವುದಿಲ್ಲ.

ಆಂಡರ್ಸನ್ನರ ಎಲ್ಲ ದೃಶ್ಯಗಳೂ ಹೀಗೆ ನಾಟುತ್ತವೆ ಎಂದಲ್ಲ. 2019ರ ಕೊನೆಯ ಚಿತ್ರ 'ಅಬೌಟ್ ಎಂಡ್‌ಲೆಸ್‌ನೆಸ್' ಬರುವ ಹೊತ್ತಿಗೆ ಪದ್ಧತಿಯೇ ಸಿನಿಮಾವನ್ನು ನಡೆಸುತ್ತಿದೆ ಎಂದು ನನಗೆ ಅನಿಸಿತು. ಬೂದುಬಣ್ಣ, ಬಿಳಿಚು ಮುಖ, ಮೌನ ಎಲ್ಲ ಸ್ವಸ್ಥಾನದಲ್ಲಿವೆ. ಯೊನಾಥನ್‌ನಂಥ ಒಂದು ಜೀವ ಇಲ್ಲ.

ಡೇವಿಡ್ ಲಿಂಚ್‌ರ 'ಇರೇಸರ್‌ಹೆಡ್' ಬಗ್ಗೆ ಹೆಚ್ಚು ಹೇಳಬೇಕಿಲ್ಲ, ಕಲ್ಟ್ ಚಿತ್ರಗಳ ಮಾತು ಬಂದಲ್ಲೆಲ್ಲ ಅದು ಬರುತ್ತದೆ. ಕೈಯಲ್ಲಿ ಕಾಸಿಲ್ಲದೆ ನಿಂತು ನಿಂತು, ವರ್ಷಗಟ್ಟಲೆ ಎಳೆದಾಡಿ ಮುಗಿಸಿದ ಕಪ್ಪುಬಿಳುಪು ಚಿತ್ರ ಅದು, ಹೊರಬಂದದ್ದು 1977ರಲ್ಲಿ. ಅದರಲ್ಲಿ ಬರುವ ಮಗುವಿನ ಆಕಾರದ ಭಯಾನಕತೆಯ ಬಗ್ಗೆಯೇ ಎಲ್ಲರೂ ಮಾತಾಡುತ್ತಾರೆ. ನನಗೆ ಅದಕ್ಕಿಂತ ಮುಂಚಿನ ಊಟದ ದೃಶ್ಯ ಹೆಚ್ಚು ಕಾಡುತ್ತದೆ. ಪ್ರಿಂಟಿಂಗ್ ಕೆಲಸದ ಹೆನ್ರಿ ಹುಡುಗಿಯ ಅಪ್ಪ ಅಮ್ಮನ ಮನೆಗೆ ಊಟಕ್ಕೆ ಹೋಗಿದ್ದಾನೆ. ಪುಟ್ಟ ಕೋಳಿಯನ್ನು ಕತ್ತರಿಸಲು ಅವನ ಕೈಗೆ ಚಾಕು ಕೊಡುತ್ತಾರೆ; ಬೆಂದ ಕೋಳಿ ತಟ್ಟೆಯಲ್ಲಿ ಕಾಲಾಡಿಸುತ್ತದೆ, ರಕ್ತ ಒಸರುತ್ತದೆ. ಹೆಣ್ಣು ಕೊಡುವವರ ಮನೆಯಲ್ಲಿ ಮೊದಲ ಸಲ ಎಲೆಯ ಮುಂದೆ ಕೂತ ಯಾವ ಹುಡುಗನಿಗೆ ಈ ಸಂಕಟ ಅಪರಿಚಿತ? ಲಿಂಚ್ 2025ರ ಜನವರಿಯಲ್ಲಿ ತೀರಿಕೊಳ್ಳುವವರೆಗೂ ಆ ಮಗುವನ್ನು ಯಾವುದರಿಂದ ಮಾಡಿದ್ದೆಂದು ಬಾಯಿಬಿಡಲಿಲ್ಲ, ಚಿತ್ರದ ಅರ್ಥವನ್ನೂ ಹೇಳಲಿಲ್ಲ. ಎರಡೂ ಜಾಣತನವೇ.

ಈ ಚಿತ್ರ ಉಳಿದದ್ದು ಮಧ್ಯರಾತ್ರಿಯ ಪ್ರದರ್ಶನಗಳಿಂದ. ನ್ಯೂಯಾರ್ಕಿನಲ್ಲಿ ಬೆನ್ ಬ್ಯಾರೆನ್‌ಹೋಲ್ಟ್ಸ್ ಎಂಬ ಪ್ರದರ್ಶಕ 1970ರಲ್ಲಿ ಹೊಡರೊವ್‌ಸ್ಕಿಯ 'ಎಲ್ ಟೋಪೊ'ವನ್ನು ಎಲ್ಜಿನ್ ಥಿಯೇಟರಿನಲ್ಲಿ ರಾತ್ರಿ ಹನ್ನೆರಡಕ್ಕೆ ಹಾಕಿ ಆ ರೂಢಿ ಬೆಳೆಸಿದ್ದರು. 'ಇರೇಸರ್‌ಹೆಡ್' ಅನ್ನೂ ಜನರ ಮುಂದಿಟ್ಟದ್ದು ಅವರೇ. ದೊಡ್ಡ ಜಾಹೀರಾತಿಲ್ಲ. ಮೊದಮೊದಲು ಬೆರಳೆಣಿಕೆಯ ಜನ, ಅವರು ಕರೆತಂದ ಇನ್ನಷ್ಟು ಜನ. ಹೊತ್ತಲ್ಲದ ಹೊತ್ತಿನಲ್ಲಿ, ನಿದ್ದೆಗೆಟ್ಟು, ಅಪರಿಚಿತರ ಜೊತೆ ನೋಡಿದ್ದು ಎಂಬುದೇ ಅರ್ಧ ಬಂಧ.

ದುರ್ಲಭವಾದದ್ದಕ್ಕೆ ಬೆಲೆ ಏರುವುದು ಸಹಜ. ಇಲ್ಲೊಂದು ಮೋಸವೂ ನಡೆಯುತ್ತದೆ. ಯಾರಿಗೂ ಸಿಗದ ಚಿತ್ರವನ್ನು ನೋಡಿದ್ದೇನೆ ಎನ್ನುವ ಹೆಮ್ಮೆಗೆ ಚಿತ್ರ ಚೆನ್ನಾಗಿರಬೇಕಾದ ಅಗತ್ಯವೇ ಇಲ್ಲ. ಅಂಥ ಅಭಿಮಾನಿಗಳ ಜೊತೆ ಅರ್ಧ ಗಂಟೆ ಕಳೆದರೆ ನೆಟ್ಟಗಿನ ಕೌಟುಂಬಿಕ ಚಿತ್ರವೊಂದನ್ನು ನೋಡಿ ಬಾಯಿ ರುಚಿ ಮಾಡಿಕೊಳ್ಳೋಣ ಎನಿಸುತ್ತದೆ. ಅರ್ಥವಾಗದ್ದೆಲ್ಲ ಆಳವಲ್ಲ. ಕಾಡಿನಲ್ಲಿ ಮುಖವಾಡದ ಮನುಷ್ಯ ನಿಂತಿದ್ದಾನೆ, ಹಿನ್ನೆಲೆಯಲ್ಲಿ ಕೊಳಲು, ಗಡಿಯಾರ ಹಿಂದಕ್ಕೆ ತಿರುಗುತ್ತದೆ: ಚಿತ್ರೋತ್ಸವಗಳಲ್ಲಿ ವರ್ಷಕ್ಕೆ ಕೆಲವಾದರೂ ಹೀಗೆ ಬಂದು ಹೋಗುತ್ತವೆ. ಅವು ಯಾಕೆ ಹಿಡಿಸುವುದಿಲ್ಲವೆಂದರೆ ಅಲ್ಲಿ ಎಲ್ಲವೂ ಮೊದಲಿನಿಂದಲೇ ವಿಚಿತ್ರ. ಸಾದಾ ನೆಲವೇ ಇಲ್ಲದಿದ್ದರೆ ಜಾರುವುದು ಎಲ್ಲಿಂದ? ಆಂಡರ್ಸನ್ನರ ಬಾರಿನಲ್ಲಿ ಬಿಲ್ಲು ಕೊಡಲೇಬೇಕು, ಓಂ ಸ್ಕೂಲಿಗೆ ಹೋಗಲೇಬೇಕು, ಹೆನ್ರಿ ಕೋಳಿ ಕೊಯ್ಯಲೇಬೇಕು. ಬೀದಿಯ ಕಟ್ಟಳೆಗಳು ಬಿಗಿಯಾಗಿರುವಲ್ಲೇ ಕನಸಿಗೆ ಸೀಳಲು ಏನಾದರೂ ಸಿಗುತ್ತದೆ. ಹಳಬರಲ್ಲಿ ಬುನ್ಯುಯೆಲ್ ಇದನ್ನು ಚೆನ್ನಾಗಿ ಬಲ್ಲವರಾಗಿದ್ದರು: 1972ರ ಅವರ ಚಿತ್ರದಲ್ಲಿ ಸುಖವಂತರ ಗುಂಪೊಂದು ಊಟಕ್ಕೆ ಕೂರುತ್ತದೆ, ಪ್ರತಿ ಸಲವೂ ಏನಾದರೊಂದು ಅಡ್ಡ ಬಂದು ತುತ್ತು ತಪ್ಪುತ್ತದೆ. ಅಷ್ಟೇ ಕತೆ.

ಕನ್ನಡಕ್ಕೆ ಈ ಧಾಟಿ ಹೊಸದಲ್ಲ, ಆದರೆ ಅದು ಬೆಳೆದದ್ದು ರಂಗಭೂಮಿಯಲ್ಲಿ. ಲಂಕೇಶರ 'ತೆರೆಗಳು', ಚಂದ್ರಶೇಖರ ಪಾಟೀಲರ 'ಕೊಡೆಗಳು' ಮುಂತಾದ ಅಸಂಗತ ನಾಟಕಗಳನ್ನು ಕಾಲೇಜು ಹುಡುಗರು ಹಟ ಹಿಡಿದು ಆಡುತ್ತಿದ್ದ ಕಾಲವೊಂದಿತ್ತು. ಸಿನಿಮಾಕ್ಕೆ ಅದು ದಾಟಲಿಲ್ಲ. 1998ರಲ್ಲಿ ಉಪೇಂದ್ರ 'ಎ' ಚಿತ್ರದಲ್ಲಿ ಕತೆಯನ್ನು ಹಿಂದುಮುಂದು ಮಾಡಿ, ಬುದ್ಧಿವಂತರಿಗೆ ಮಾತ್ರ ಎಂದು ಬೋರ್ಡು ಹಾಕಿ, ಥಿಯೇಟರ್ ತುಂಬಿಸಿದರು. ಅಂದರೆ ತಲೆಕೆಳಗಾದ ಕತೆ ನಮ್ಮ ಪ್ರೇಕ್ಷಕರಿಗೆ ಆಗದು ಎಂಬ ನೆಪ ನಿಲ್ಲುವುದಿಲ್ಲ. 2013ರ ಪವನ್ ಕುಮಾರರ 'ಲೂಸಿಯಾ' ನಮ್ಮ ವಿಷಯಕ್ಕೆ ಇನ್ನೂ ಹತ್ತಿರ. ಪ್ರೇಕ್ಷಕರಿಂದಲೇ ಹಣ ಕೂಡಿಸಿ ಮಾಡಿದ ಚಿತ್ರ. ಟಾಕೀಸಿನಲ್ಲಿ ಟಾರ್ಚ್ ಬಿಟ್ಟು ಸೀಟು ತೋರಿಸುವ, ನಿದ್ದೆ ಬಾರದ ಹುಡುಗ ಅದರ ನಾಯಕ. ಮಾತ್ರೆ ನುಂಗಿದರೆ ಅವನಿಗೆ ತಾನೇ ಸಿನಿಮಾ ಸ್ಟಾರ್ ಆದ ಕನಸು. ಬಹಳ ಒಳ್ಳೆಯ ಬೀಜ. ಆದರೆ ಅದು ಒಗಟು. ಕೊನೆಯಲ್ಲಿ ಗಂಟು ಬಿಚ್ಚಿ, ಯಾವುದು ಕನಸು ಯಾವುದು ನಿಜ ಎಂದು ಹೇಳಿ, ನಮ್ಮನ್ನು ಹೊರಕ್ಕೆ ಕಳಿಸುತ್ತದೆ. ಬಿಡಿಸಿದ ಒಗಟಿಗೆ ಮೆಚ್ಚುಗೆ ಸಿಗುತ್ತದೆ, ಸಿಕ್ಕಿತು ಕೂಡ. 'ಓಂ ದರ್ ಬ ದರ್'ಗೆ ಸಿಕ್ಕಿದ್ದು ಮೆಚ್ಚುಗೆಯಲ್ಲ, ಒಂದು ರೀತಿಯ ಗೀಳು. ಒಗಟಿಗೆ ಉತ್ತರ ಗೊತ್ತಾದವರು ಮತ್ತೆ ಹೋಗುವುದು ಕಡಿಮೆ, ಗೀಳು ಹಿಡಿದವರು ಬಿಡುವುದಿಲ್ಲ.

ಈಗ ಇವುಗಳಲ್ಲಿ ಹೆಚ್ಚಿನವು ಸಲೀಸಾಗಿ ಸಿಗುತ್ತವೆ, ಮೊಬೈಲಿನಲ್ಲೇ. ದುರ್ಲಭತೆಯ ಸೋಗು ಕಳಚಿದ್ದು ಒಳ್ಳೆಯದೇ ಆಯಿತು. ಚಿತ್ರ ತನ್ನ ಕಾಲ ಮೇಲೆ ನಿಲ್ಲಬೇಕಾಗಿದೆ. ಒಂದು ನಷ್ಟ ಮಾತ್ರ ದೊಡ್ಡದು. ಇಂಥ ಸಿನಿಮಾದಲ್ಲಿ ಎಲ್ಲಿ ನಗಬೇಕೆಂದು ಸಿನಿಮಾ ಹೇಳುವುದಿಲ್ಲ. ಹಿನ್ನೆಲೆ ಸಂಗೀತ ಸೂಚನೆ ಕೊಡುವುದಿಲ್ಲ, ನಟರು ಕಣ್ಣು ಮಿಟುಕಿಸುವುದಿಲ್ಲ. ಒಂಟಿಯಾಗಿ ನೋಡುವವನು ಕಾಲಾಡಿಸುವ ಕೋಳಿಯನ್ನು ಕಂಡು ಮುಖ ಕಿವುಚಿ ಮುಂದಕ್ಕೆ ಓಡಿಸುತ್ತಾನೆ. ಥಿಯೇಟರಿನಲ್ಲಿ ಹಾಗಾಗುವುದಿಲ್ಲ. ಕೋರೆಹಲ್ಲು ಹಾಕಿಕೊಂಡ ಮಾರಾಟಗಾರ ಸುಮ್ಮನೆ ನಿಂತಿರುತ್ತಾನೆ, ಶಾಟ್ ಮುಗಿಯುವುದೇ ಇಲ್ಲ, ಎಲ್ಲರಿಗೂ ಇರುಸುಮುರುಸು. ಆಗ ಹಿಂದಿನ ಸಾಲಿನಲ್ಲಿ ಯಾರೋ ಒಬ್ಬರು ತಡೆಯಲಾರದೆ ನಕ್ಕುಬಿಡುತ್ತಾರೆ. ಇನ್ನೊಬ್ಬರು ಸುಮ್ಮನಿರಿ ಎನ್ನುತ್ತಾರೆ. ಮೂರನೆಯವರಿಗೆ ಅಳು ಬಂದಿರುತ್ತದೆ. 1971ರಲ್ಲಿ ಶುರುವಾದ ನಮ್ಮ ಸುಚಿತ್ರಾ ಫಿಲ್ಮ್ ಸೊಸೈಟಿಯಂಥ ಜಾಗಗಳು ಈ ಚಿತ್ರಗಳಿಗೆ ಮೊಬೈಲಿಗಿಂತ ವಾಸಿ ಎನ್ನುವುದು ಇದಕ್ಕೇ. ಪಕ್ಕದ ಸೀಟಿನವರು ತಪ್ಪಾದ ಜಾಗದಲ್ಲಿ ನಕ್ಕರೆ ಸಿಟ್ಟಾಗಬೇಡಿ. ನಿಮ್ಮ ಸರದಿ ಮುಂದಿನ ದೃಶ್ಯದಲ್ಲಿ ಬರಬಹುದು.